ಜಪಾನಿನವರಿಗೆ ಒಗ್ಗಿದ ಅನ್ನ ನಮಗೆ ಯಾಕೆ ಒಗ್ಗುತ್ತಿಲ್ಲ?

ಪ್ರಶ್ನೆ: ನಾವು ದಾವಣಗೆರೆಯವರು. ಮಗಳು, ಅಳಿಯ ಜಪಾನಿನ ನಗೋಯದಲ್ಲಿದ್ದಾರೆ. ಈಚೆಗೆ ಅಲ್ಲಿಗೆ ಹೋಗಿ ಕೆಲವು ವಾರ ಇದ್ದು ಬಂದೆವು. ಅಲ್ಲಿನವರು ಬೆಳಿಗ್ಗೆಯೂ ಬೆಳ್ಳಗಿನ ಅನ್ನವನ್ನೇ ತಿನ್ನುತ್ತಾರೆ. ಆದರೂ ಹೊಟ್ಟೆ ಬಂದವರು ಅಪರೂಪ, ವಯಸ್ಸಾದವರೂ ಆರಾಮಾಗಿ ಸೈಕಲ್ ತುಳಿಯುತ್ತಾರೆ. ಇಲ್ಲಿ ನನಗೆ ಶುಗರ್, ನಮ್ಮ ಯಜಮಾನರಿಗೆ ಬಿಪಿ. ಡಾಕ್ಟರು ಅನ್ನ ಬಿಡಿ ಅನ್ನುತ್ತಾರೆ. ಅವರಿಗೆ ಆಗುವ ಅನ್ನ ನಮಗೆ ಯಾಕೆ ಆಗುವುದಿಲ್ಲ? ಅದು ಅವರ ರಕ್ತದಲ್ಲೇ ಬಂದ ಗುಣವಾ? ಅಥವಾ ಅಜ್ಜ-ಮುತ್ತಜ್ಜರ ಊಟವನ್ನು ಬಿಡದೆ ಉಳಿಸಿಕೊಂಡಿದ್ದಾರಾ? ಮಗಳು ಮಿಸೋ (ಸೂಪಿಗೆ ಕದಡುವ ಹುದುಗಿಸಿದ ಸೋಯಾ ಪೇಸ್ಟ್) ಪ್ಯಾಕೆಟ್ ಕೊಟ್ಟು ಕಳಿಸಿದ್ದಾಳೆ, ದಿನಾ ಕುಡಿಯಬಹುದಾ? ಇನ್ನೊಂದು ಮಾತು, ಮೊಮ್ಮಗ ಮುಂದಿನ ಏಪ್ರಿಲ್‌ಗೆ ಅಲ್ಲಿನ ಶಾಲೆಗೆ ಸೇರುತ್ತಾನೆ. ಎಲ್ಲ ಮಕ್ಕಳೂ ಶಾಲೆಯ ಊಟವನ್ನೇ ಮಾಡಬೇಕಂತೆ. ನಾವು ಸಸ್ಯಾಹಾರಿಗಳು. ಏನು ಮಾಡುವುದು?

ಉತ್ತರ: ನಮಸ್ಕಾರ ಅಮ್ಮ. ಅನ್ನದ ಲೆಕ್ಕದಿಂದಲೇ ಶುರು ಮಾಡುತ್ತೇನೆ. ಜಪಾನಿನಲ್ಲಿ ತಲೆಗೆ ವರ್ಷಕ್ಕೆ 118 ಕಿಲೋ ಅಕ್ಕಿ ಖರ್ಚಾಗುತ್ತಿದ್ದ ಕಾಲ ಒಂದಿತ್ತು. ಅದು 1962. ಆಮೇಲೆ ಇಳಿಯುತ್ತಾ ಬಂದು ಈಗ 50 ಕಿಲೋ ಆಸುಪಾಸಿನಲ್ಲಿದೆ. ಅಂದರೆ ಒಬ್ಬರಿಗೆ ದಿನಕ್ಕೆ ಸುಮಾರು 140 ಗ್ರಾಂ ಅಕ್ಕಿ. ಮಕ್ಕಳು ಮುದುಕರು ಎಲ್ಲ ಸೇರಿದ ಸರಾಸರಿ ಇದು, ಆದರೂ ಬಹಳ ಕಮ್ಮಿ. ಬೆಳಗಿನ ಹೊತ್ತು ಬ್ರೆಡ್ ತಿನ್ನುವ ಮನೆಗಳು ಈಗ ಅಲ್ಲಿ ಜಾಸ್ತಿ. ನೀವಿದ್ದದ್ದು ನಗೋಯ ತಾನೆ? ಅಲ್ಲಿನ ಕಾಫಿ ಅಂಗಡಿಗಳಲ್ಲಿ ಬೆಳಿಗ್ಗೆ ಒಂದು ಕಾಫಿ ತಗೊಂಡರೆ ಟೋಸ್ಟು, ಬೇಯಿಸಿದ ಮೊಟ್ಟೆ ಜೊತೆಯಲ್ಲೇ ಬರುತ್ತದೆ. ಆ ಊರು ಅದಕ್ಕೇ ಹೆಸರುವಾಸಿ.

ಇನ್ನು ನಮ್ಮ ಕಡೆ ನೋಡಿ. 2025ರಲ್ಲಿ ಅನ್ನಭಾಗ್ಯದಲ್ಲಿ ತಲೆಗೆ ತಿಂಗಳಿಗೆ 10 ಕಿಲೋ ಅಕ್ಕಿ ಸಿಗುತ್ತಿತ್ತು, ಅಂದರೆ ವರ್ಷಕ್ಕೆ 120 ಕಿಲೋ ಆಯಿತು. ಜಪಾನಿನವರು ಅತಿ ಹೆಚ್ಚು ಅನ್ನ ತಿನ್ನುತ್ತಿದ್ದ ವರ್ಷದ ಲೆಕ್ಕಕ್ಕೆ ಇದು ಹೆಚ್ಚುಕಮ್ಮಿ ಸಮ. ಹಸಿದವರಿಗೆ ಅಕ್ಕಿ ಕೊಟ್ಟದ್ದು ತಪ್ಪು ಅಂತ ನಾನು ಹೇಳುತ್ತಿಲ್ಲ. ತಟ್ಟೆಯಲ್ಲಿ ಅಕ್ಕಿಯ ಪಾಲು ಎಷ್ಟಾಯಿತು ಅಂತ ತೋರಿಸಲು ಈ ಲೆಕ್ಕ. ಸರ್ಕಾರಕ್ಕೂ ಇದು ಗೊತ್ತಿಲ್ಲದ್ದೇನಲ್ಲ. 2025ರ ಅಕ್ಟೋಬರ್‌ನಲ್ಲಿ ಹೆಚ್ಚುವರಿ 5 ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ ಇರುವ ಕಿಟ್ ಕೊಡಲು ಸಚಿವ ಸಂಪುಟ ಒಪ್ಪಿತು.

ನಿಮ್ಮ ಮನೆಯ ಒಂದು ದಿನ ಹೇಗಿರುತ್ತದೆ ಅಂತ ಊಹಿಸುತ್ತೇನೆ, ತಪ್ಪಿದ್ದರೆ ನಕ್ಕುಬಿಡಿ. ಬೆಳಿಗ್ಗೆ ದೋಸೆ, ಇಲ್ಲವೇ ಅವಲಕ್ಕಿ, ಇಲ್ಲವೇ ಚಿತ್ರಾನ್ನ. ಮಧ್ಯಾಹ್ನ ರೊಟ್ಟಿ ಪಲ್ಯ, ಆಮೇಲೆ ಅನ್ನ ಸಾರು, ಕೊನೆಗೆ ಮೊಸರನ್ನ. ಸಂಜೆ ಮಂಡಕ್ಕಿ ಮಿರ್ಚಿ. ರಾತ್ರಿ ಮತ್ತೆ ಅನ್ನ. ದೋಸೆ, ಅವಲಕ್ಕಿ, ಮಂಡಕ್ಕಿ ಎಲ್ಲವೂ ಅಕ್ಕಿಯೇ ಅಲ್ವಾ? ಡಾಕ್ಟರ ಮುಂದೆ ಮಾತ್ರ "ಅನ್ನ ಎರಡೇ ಹೊತ್ತು" ಅನ್ನುತ್ತೇವೆ.

ಜಪಾನಿನ ಅನ್ನದ ಬಟ್ಟಲು ನಿಮ್ಮ ಕೈಯಲ್ಲಿ ಹಿಡಿದು ನೋಡಿರುತ್ತೀರಿ. ಅದರಲ್ಲಿ ಹಿಡಿಯುವುದು ಸುಮಾರು 150 ಗ್ರಾಂ ಅನ್ನ, ಹಸಿ ಅಕ್ಕಿಯ ಲೆಕ್ಕದಲ್ಲಿ 65–70 ಗ್ರಾಂ. ಸುತ್ತಲೂ ಒಂದು ಸೂಪು, ಒಂದು ತುಂಡು ಮೀನು ಅಥವಾ ತೋಫು (ಸೋಯಾ ಹಾಲಿನ ಪನೀರ್), ಒಂದೆರಡು ತರಕಾರಿ. ಒಂದು ಸಾರು, ಮೂರು ಪದಾರ್ಥ ಅನ್ನುವುದು ಅವರ ಊಟದ ಮಾದರಿ. ಅನ್ನಕ್ಕೆ ಸಾಮಾನ್ಯವಾಗಿ ಏನನ್ನೂ ಕಲಸುವುದಿಲ್ಲ. ನಮ್ಮಲ್ಲಿ ಸಾರು ಸುರಿದುಕೊಂಡರೆ ಅನ್ನ ಸರಸರ ಇಳಿದುಬಿಡುತ್ತದೆ. ಎರಡನೇ ಸಲ ಬಡಿಸಿಕೊಂಡದ್ದು ನೆನಪಿನಲ್ಲೂ ಇರುವುದಿಲ್ಲ.

ಹಾಗಂತ ಜಪಾನಿನವರಿಗೆ ಶುಗರ್ ಇಲ್ಲ ಅಂದುಕೊಳ್ಳಬೇಡಿ. 2016ರ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನ ಪ್ರಕಾರ ಅಲ್ಲಿ ಮಧುಮೇಹ ಇರಬಹುದಾದವರು ಸುಮಾರು 1 ಕೋಟಿ. ಗಡಿಯಲ್ಲಿ ನಿಂತವರು ಇನ್ನೊಂದು ಕೋಟಿ. ದೇಶದ ಜನಸಂಖ್ಯೆಯೇ 12 ಕೋಟಿ ಚಿಲ್ಲರೆ. ಅಲ್ಲೇ ನಡೆದ ಒಂದು ದೊಡ್ಡ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹೆಚ್ಚು ಅನ್ನ ತಿನ್ನುವ ಹೆಂಗಸರಲ್ಲಿ ಮಧುಮೇಹವೂ ಹೆಚ್ಚು ಅಂತ ಅದರಲ್ಲಿ ಕಂಡುಬಂತು. ನೀವು ಅಲ್ಲಿ ನೋಡಿರಬಹುದಾದ ತೆಳ್ಳಗಿನ ಹುಡುಗಿಯರ ಕಥೆಯೂ ಪೂರ್ತಿ ಸಂತೋಷದ್ದಲ್ಲ. ಇಪ್ಪತ್ತರ ಹರೆಯದ ಹೆಂಗಸರಲ್ಲಿ ಸುಮಾರು ಐವರಲ್ಲಿ ಒಬ್ಬರ ತೂಕ ಇರಬೇಕಾದ್ದಕ್ಕಿಂತ ಕಡಿಮೆ. ಅಲ್ಲಿನ ವೈದ್ಯರಿಗೆ ಅದೇ ದೊಡ್ಡ ಚಿಂತೆ.

ಈಗ ನಿಮ್ಮ ಪ್ರಶ್ನೆಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು: ಅಜ್ಜ-ಮುತ್ತಜ್ಜರ ಊಟವನ್ನು ಉಳಿಸಿಕೊಂಡದ್ದಕ್ಕೆ ಅವರು ಹೀಗಿದ್ದಾರಾ? ನನ್ನ ಉತ್ತರ, ಇಲ್ಲ. ಅಜ್ಜ-ಮುತ್ತಜ್ಜರ ಊಟವನ್ನು ಎರಡು ಮೂರು ಸಲ ರಿಪೇರಿ ಮಾಡಿದ್ದಕ್ಕೆ ಹೀಗಿದ್ದಾರೆ. 1947ರಲ್ಲಿ ಅಲ್ಲಿನ ಗಂಡಸರ ಸರಾಸರಿ ಆಯಸ್ಸು 50 ವರ್ಷ, ಹೆಂಗಸರದು 54. ಈಗ 81 ಮತ್ತು 87. ಇದರಲ್ಲಿ ಕ್ಷಯ ಹೋದದ್ದು, ಹಸುಗೂಸುಗಳು ಉಳಿದದ್ದು ಎಲ್ಲ ಸೇರಿದೆ. ಊಟದ ಪಾಲೂ ಸಣ್ಣದಲ್ಲ.

ಮೊದಲ ರಿಪೇರಿ ಅನ್ನದ್ದೇ. ಇನ್ನೂರು ಮುನ್ನೂರು ವರ್ಷದ ಹಿಂದೆ ಟೋಕಿಯೋಗೆ ಎದೊ ಅಂತ ಹೆಸರಿತ್ತು. ಹಳ್ಳಿಯಿಂದ ಎದೊಗೆ ಬಂದ ಯೋಧರಿಗೆ, ವ್ಯಾಪಾರಿಗಳಿಗೆ ಕಾಲು ಸೋಲುತ್ತಿತ್ತು, ಊತ ಬರುತ್ತಿತ್ತು, ಕೊನೆಗೆ ಎದೆ ಬಡಿತ ಏರುಪೇರಾಗಿ ಸಾಯುತ್ತಿದ್ದರು. ಊರಿಗೆ ಮರಳಿದವರು ಚೇತರಿಸಿಕೊಳ್ಳುತ್ತಿದ್ದರು. ಜನ ಅದನ್ನು 'ಎದೊ ಕಾಯಿಲೆ' ಅಂದರು. ಈಗ ನಮಗೆ ಅದು ಬೆರಿಬೆರಿ ಅಂತ ಗೊತ್ತು. ಹಳ್ಳಿಯಲ್ಲಿ ಬಾರ್ಲಿ, ಕಿರುಧಾನ್ಯ, ತೌಡು ಪೂರ್ತಿ ಹೋಗದ ಅಕ್ಕಿ. ಪಟ್ಟಣದಲ್ಲಿ ಚೆನ್ನಾಗಿ ಪಾಲಿಶ್ ಮಾಡಿದ ಬೆಳ್ಳನೆ ಅಕ್ಕಿ. ತೌಡಿನ ಜೊತೆ ವಿಟಮಿನ್ ಬಿ1 ಹೊರಟುಹೋಗುತ್ತಿತ್ತು. ಬಿಳಿ ಅನ್ನ ದೊಡ್ಡಸ್ತಿಕೆಯ ಗುರುತಾಗಿತ್ತು. ಕಾಯಿಲೆಯೂ ದೊಡ್ಡವರ ಮನೆಗೇ ಬಂತು.

ಆಮೇಲೆ ಅದು ನೌಕಾಪಡೆಗೆ ಹರಡಿತು. 1882ರ ಕೊನೆಯಲ್ಲಿ ರ್ಯೂಜೊ ಎಂಬ ತರಬೇತಿ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕದ ಕಡೆ ಹೊರಟಿತು. ಅದರಲ್ಲಿ 376 ಜನ ಇದ್ದರು. 169 ಜನಕ್ಕೆ ಬೆರಿಬೆರಿ ಬಂತು, 25 ಜನ ಸತ್ತರು. ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಇಂಗ್ಲೆಂಡಿನಲ್ಲಿ ಓದಿ ಬಂದವರು. ಅಲ್ಲಿನ ನಾವಿಕರಿಗೆ ಈ ರೋಗವೇ ಇಲ್ಲವಲ್ಲ ಅಂತ ಅವರಿಗೆ ಹೊಳೆಯಿತು. 1884ರಲ್ಲಿ ತ್ಸುಕುಬಾ ಎಂಬ ಇನ್ನೊಂದು ಹಡಗನ್ನು ಹಟ ಹಿಡಿದು ಅದೇ ದಾರಿಯಲ್ಲಿ ಕಳಿಸಿದರು. ಊಟ ಮಾತ್ರ ಬೇರೆ. ಅನ್ನ ಕಮ್ಮಿ, ಬ್ರೆಡ್, ಮಾಂಸ, ಹಾಲು ಜಾಸ್ತಿ. ಈ ಸಲ ಕಾಯಿಲೆ ಬಿದ್ದವರು 20 ಜನವನ್ನೂ ದಾಟಲಿಲ್ಲ. ಒಬ್ಬರೂ ಸಾಯಲಿಲ್ಲ. ತಮಾಷೆ ಏನೆಂದರೆ ತಕಾಕಿಯವರ ವಾದ ತಪ್ಪಾಗಿತ್ತು. ಪ್ರೋಟೀನ್ ಕೊರತೆಯಿಂದ ಬೆರಿಬೆರಿ ಬರುತ್ತದೆ ಅಂತ ಅವರು ನಂಬಿದ್ದರು. ವಿಟಮಿನ್ ಅನ್ನುವ ವಿಷಯವೇ ಆಗ ಯಾರಿಗೂ ಗೊತ್ತಿರಲಿಲ್ಲ. ಆದರೂ ಜೀವಗಳು ಉಳಿದವು. ಮುಂದೆ ಅನ್ನಕ್ಕೆ ಬಾರ್ಲಿ ಬೆರೆಸುವುದು ನೌಕಾಪಡೆಯ ರೂಢಿಯಾಯಿತು. ಬ್ರಿಟಿಷರಿಂದ ಕಲಿತ ಕರಿ-ರೈಸ್ ಕೂಡ ಹಡಗಿನ ಅಡುಗೆಮನೆಗೆ ಬಂತು. ನಿಮ್ಮ ಮೊಮ್ಮಗನಿಗೆ ಶಾಲೆಯಲ್ಲಿ ಸಿಗುವ ಕರಿ-ರೈಸ್‌ನ ಮೂಲ ಭಾರತದಿಂದ ಇಂಗ್ಲೆಂಡಿಗೆ ಹೋಗಿ ಸುತ್ತಿಬಂದದ್ದು.

ಭೂಸೇನೆ ಮಾತ್ರ ಕೇಳಲಿಲ್ಲ. ಅದರ ಹಿರಿಯ ವೈದ್ಯರು ಜರ್ಮನಿಯ ಪಾಠ ಕಲಿತವರು. ಬೆರಿಬೆರಿಗೂ ಯಾವುದೋ ರೋಗಾಣು ಇರಬೇಕು ಅಂತ ಹಟ ಹಿಡಿದರು. ಸೈನಿಕನಿಗೆ ಹೊಟ್ಟೆ ತುಂಬ ಬಿಳಿ ಅನ್ನ ಕೊಡುವುದೇ ಮರ್ಯಾದೆ ಅಂತಲೂ ಇತ್ತು. 1904–05ರ ರಷ್ಯಾ ಯುದ್ಧದಲ್ಲಿ ಬೆರಿಬೆರಿಯಿಂದ ಸತ್ತ ಸೈನಿಕರು ಸುಮಾರು 27,000. ಸುಝುಕಿ ಉಮೆತಾರೊ ಎಂಬ ವಿಜ್ಞಾನಿ ಅಕ್ಕಿಯ ತೌಡಿನಿಂದ ಆ ರಕ್ಷಕ ಅಂಶವನ್ನು ಬೇರ್ಪಡಿಸಿದ್ದು 1910ರಲ್ಲಿ.

ಇಲ್ಲಿ ನಮ್ಮ ಕಡೆಯ ಅಕ್ಕಿಯೂ ಕಥೆಯೊಳಗೆ ಬರುತ್ತದೆ. ಅದೇ ಕಾಲದಲ್ಲಿ ಬ್ರಿಟಿಷರ ಮಲಯದಲ್ಲಿ (ಈಗಿನ ಮಲೇಷ್ಯಾ) ಚೀನೀ ಕೂಲಿಗಳು ಬೆರಿಬೆರಿಯಿಂದ ಸಾಯುತ್ತಿದ್ದರು, ಪಕ್ಕದಲ್ಲೇ ಇದ್ದ ತಮಿಳು ಕೂಲಿಗಳಿಗೆ ಏನೂ ಆಗುತ್ತಿರಲಿಲ್ಲ. ತಮಿಳರು ತಿನ್ನುತ್ತಿದ್ದದ್ದು ಕುಚ್ಚಲಕ್ಕಿ. ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸಿದಾಗ ಬಿ1 ಕಾಳಿನ ಒಳಕ್ಕೆ ಇಳಿಯುತ್ತದೆ. ಆಮೇಲೆ ಮಿಲ್ಲಿಗೆ ಹಾಕಿದರೂ ಪೂರ್ತಿ ಹೋಗುವುದಿಲ್ಲ. 1905ರಲ್ಲಿ ಕೌಲಾಲಂಪುರದ ಮಾನಸಿಕ ರೋಗಿಗಳ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎಂಬ ವೈದ್ಯರು ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಒಬ್ಬರನ್ನು ಬಿಟ್ಟು ಒಬ್ಬರಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಸಿಯಾಮಿನ (ಈಗಿನ ಥಾಯ್ಲೆಂಡ್) ಬೆಳ್ತಿಗೆ ಅಕ್ಕಿ, ಇನ್ನೊಂದಕ್ಕೆ ಭಾರತದ ಕುಚ್ಚಲಕ್ಕಿ. ಬೆಳ್ತಿಗೆ ತಿಂದ 120 ಜನರಲ್ಲಿ 36 ಜನಕ್ಕೆ ಬೆರಿಬೆರಿ ಬಂತು, 18 ಜನ ಸತ್ತರು. ಕುಚ್ಚಲಕ್ಕಿಯ 123 ಜನರಲ್ಲಿ ಕಾಯಿಲೆ ಇದ್ದದ್ದು ಇಬ್ಬರಿಗೆ. ಆ ಇಬ್ಬರೂ ಸೇರುವಾಗಲೇ ಕಾಯಿಲೆ ಹೊತ್ತು ಬಂದವರು. ಇವತ್ತಿನ ನಿಯಮದಲ್ಲಿ ಇಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡುವುದಿಲ್ಲ, ಕೊಡಲೂಬಾರದು. ಆದರೆ ಮಂಗಳೂರು, ಉಡುಪಿ ಕಡೆಯ ಕುಚ್ಚಲಕ್ಕಿ ಗಂಜಿಯ ಬೆಲೆ ಏನು ಅಂತ ಅದರಿಂದ ಗೊತ್ತಾಯಿತು.

ಎರಡನೇ ರಿಪೇರಿ ಉಪ್ಪಿನದು. ಇದು ನಿಮ್ಮ ಯಜಮಾನರಿಗೆ ಸಂಬಂಧಪಟ್ಟದ್ದು, ಓದಿ ಹೇಳಿ. 1951ರಿಂದ 1980ರವರೆಗೆ ಜಪಾನಿನಲ್ಲಿ ಸಾವಿಗೆ ಮೊದಲನೇ ಕಾರಣ ಲಕ್ವ, ಅಂದರೆ ಪಾರ್ಶ್ವವಾಯು. ಉತ್ತರದ ಅಕಿತಾ, ಅಓಮೊರಿ ಕಡೆಯ ಹಳ್ಳಿಗಳಲ್ಲಿ ಜನ ದಿನಕ್ಕೆ 25 ಗ್ರಾಮಿಗೂ ಮೀರಿ ಉಪ್ಪು ತಿನ್ನುತ್ತಿದ್ದರು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 5 ಗ್ರಾಮಿಗಿಂತ ಕಡಿಮೆ ಅಂತ. ಅಷ್ಟು ಉಪ್ಪು ಯಾಕೆ? ಅಲ್ಲಿ ತಿಂಗಳುಗಟ್ಟಲೆ ಹಿಮ. ಹೊಲದಲ್ಲಿ ಏನೂ ಇಲ್ಲ. ಮೂಲಂಗಿ, ಸೊಪ್ಪು, ಮೀನು ಎಲ್ಲವನ್ನೂ ಉಪ್ಪಿನಲ್ಲಿಟ್ಟು ಚಳಿಗಾಲ ಕಳೆಯಬೇಕು. ಪದಾರ್ಥ ಕಮ್ಮಿ ಇದ್ದಾಗ ಜಾಸ್ತಿ ಅನ್ನ ಇಳಿಸಲು ಉಪ್ಪು ಬೇಕೇ ಬೇಕು. ನಮ್ಮಲ್ಲಿ ಬರೀ ಉಪ್ಪಿನಕಾಯಿ ನೆಂಚಿಕೊಂಡು ಅನ್ನ ಉಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಿಮ್ಮ ಮಗಳ ಊರಿನಿಂದ ಹತ್ತಿರದ ಬೆಟ್ಟದ ಸೀಮೆ ನಾಗಾನೋ. 1960ರ ದಶಕದಲ್ಲಿ ಲಕ್ವದ ಸಾವಿನಲ್ಲಿ ಅದೂ ಮುಂದಿತ್ತು. ಟೀ ಜೊತೆಗೂ ಅಲ್ಲಿ ಸೊಪ್ಪಿನ ಉಪ್ಪಿನಕಾಯಿ ತಿನ್ನುವ ಅಭ್ಯಾಸ. ಅಲ್ಲಿ ನಡೆದ ಕೆಲಸ ದೊಡ್ಡ ಆಸ್ಪತ್ರೆಯ ದೊಡ್ಡ ಯಂತ್ರದಿಂದ ಆದದ್ದಲ್ಲ. ಹಳ್ಳಿಯ ಹೆಂಗಸರೇ ಸ್ವಯಂಸೇವಕಿಯರಾಗಿ ಮನೆ ಮನೆಗೆ ಹೋದರು. ಅವರ ಮಿಸೋ ಸೂಪಿನಲ್ಲಿ ಉಪ್ಪೆಷ್ಟಿದೆ ಅಂತ ಮೀಟರಿನಲ್ಲಿ ಅಳೆದು ತೋರಿಸಿದರು. ಸೂಪಿಗೆ ತರಕಾರಿ ತುಂಬಿಸಿ, ನೀರಿನ ಭಾಗ ತಾನಾಗಿ ಕಮ್ಮಿಯಾಗುತ್ತದೆ ಅಂದರು. ನೂಡಲ್ಸ್ ತಿಂದರೆ ರಸ ಪೂರ್ತಿ ಕುಡಿಯಬೇಡಿ ಅಂದರು. ಮನೆಯಲ್ಲಿ ಒಂದು ಕೋಣೆಯನ್ನಾದರೂ ಬೆಚ್ಚಗಿಡಿ ಅಂತಲೂ ಹೇಳಿದರು, ಚಳಿಗೆ ಬಿಪಿ ಏರುತ್ತದೆ ಅಂತ. ಸಾಕು ಊರಿನ ಆಸ್ಪತ್ರೆಯ ವೈದ್ಯ ವಾಕಾತ್ಸುಕಿ ತೋಶಿಕಾಜು ಇನ್ನೂ ಮುಂದೆ ಹೋದರು. ಭಾಷಣ ಮಾಡಿದರೆ ರೈತರು ನಿದ್ದೆ ಮಾಡುತ್ತಾರೆ ಅಂತ ಡಾಕ್ಟರು, ನರ್ಸುಗಳೇ ಸೇರಿ ಹಳ್ಳಿಗಳಲ್ಲಿ ನಾಟಕ ಆಡಿ ಆರೋಗ್ಯದ ವಿಷಯ ಹೇಳಿದರು. 1976ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 2010ರ ಲೆಕ್ಕದಲ್ಲಿ ನಾಗಾನೋದ ಗಂಡಸರು, ಹೆಂಗಸರು ಇಬ್ಬರ ಆಯಸ್ಸೂ ಇಡೀ ಜಪಾನಿನಲ್ಲಿ ಮೊದಲು. ಫ್ರಿಜ್ ಬಂದದ್ದು, ಬಿಪಿ ಮಾತ್ರೆ ಸಿಕ್ಕಿದ್ದು ಕೂಡ ಇದರಲ್ಲಿ ಸೇರಿದೆ, ಬರೀ ನಾಟಕದಿಂದ ಆಯಸ್ಸು ಬೆಳೆಯಲಿಲ್ಲ. ಜಪಾನಿನವರು ಈಗಲೂ ಉಪ್ಪು ಜಾಸ್ತಿಯೇ ತಿನ್ನುತ್ತಾರೆ, ದಿನಕ್ಕೆ 10 ಗ್ರಾಂ ಸುಮಾರು. ನಮ್ಮದೂ ಅದಕ್ಕಿಂತ ತೀರಾ ಭಿನ್ನವಲ್ಲ.

ಮೂರನೆಯದು ಯುದ್ಧದ ನಂತರದ್ದು. 1945ರಲ್ಲಿ ಸೋತ ದೇಶದಲ್ಲಿ ಮಕ್ಕಳಿಗೆ ಊಟವಿರಲಿಲ್ಲ. ಅಮೆರಿಕದಿಂದ ಕೆನೆ ತೆಗೆದ ಹಾಲಿನ ಪುಡಿ, ಗೋಧಿ ಬಂತು. 1954ರಲ್ಲಿ ಶಾಲೆಯ ಊಟಕ್ಕೆ ಕಾನೂನಾಯಿತು. ಮಕ್ಕಳಿಗೆ ಸಿಗುತ್ತಿದ್ದದ್ದು ಬ್ರೆಡ್ಡು, ಆ ವಾಸನೆಯ ಹಾಲು. ಅಮೆರಿಕದ ದುಡ್ಡಿನಲ್ಲಿ ಅಡುಗೆಮನೆ ಕಟ್ಟಿದ ಬಸ್ಸುಗಳು 1956ರಿಂದ ಹಳ್ಳಿ ಹಳ್ಳಿ ಸುತ್ತಿ ಗೋಧಿಯ ಅಡುಗೆ ಕಲಿಸಿದವು. ಧರ್ಮವೂ ಆಯಿತು, ಮಾರುಕಟ್ಟೆಯೂ ಆಯಿತು. ನಮ್ಮಲ್ಲೂ ಒಂದು ತಲೆಮಾರಿಗೆ ಶಾಲೆಯ ಅಮೆರಿಕನ್ ಉಪ್ಪಿಟ್ಟು, ಹಾಲಿನ ಪುಡಿ ನೆನಪಿದೆ, ನಿಮಗೂ ಇರಬಹುದು. ಜಪಾನಿನ ಶಾಲೆಯ ಊಟಕ್ಕೆ ಅನ್ನ ಅಧಿಕೃತವಾಗಿ ಬಂದದ್ದು 1976ರಲ್ಲಿ! ಅಷ್ಟರಲ್ಲಿ ಬ್ರೆಡ್ ತಿಂದು ಬೆಳೆದ ಮಕ್ಕಳು ತಾಯಿ ತಂದೆಯರಾಗಿದ್ದರು. 118 ಕಿಲೋ 50 ಆದದ್ದಕ್ಕೆ ಇದೂ ಒಂದು ಕಾರಣ.

ಆ ನಡುವಿನ ಕಾಲದಲ್ಲಿ, ಅಂದರೆ 1970ರ ದಶಕದ ಕೊನೆಗೆ, ಊಟ ಒಂದು ಒಳ್ಳೆಯ ಹದಕ್ಕೆ ಬಂತು. ಅನ್ನ ಇಳಿದಿತ್ತು, ಉಪ್ಪು ಇಳಿಯುತ್ತಿತ್ತು. ಹಾಲು, ಮೊಟ್ಟೆ, ಮಾಂಸ, ಎಣ್ಣೆ ಸ್ವಲ್ಪ ಏರಿತ್ತು. ಮೀನು, ಸೋಯಾ, ತರಕಾರಿ ಹಾಗೇ ಉಳಿದಿದ್ದವು. ನೀವು ಮೆಚ್ಚಿದ 'ಜಪಾನಿ ಊಟ' ಇದು. ಸಾವಿರ ವರ್ಷದ್ದಲ್ಲ, ನಿಮ್ಮ ವಯಸ್ಸಿನದು ಅಂತಲೇ ಇಟ್ಟುಕೊಳ್ಳಿ.

ಅದೂ ಅಲ್ಲೇ ನಿಂತಿಲ್ಲ. ಮೀನಿಗಿಂತ ಮಾಂಸ ತಿನ್ನುವುದು ಈಗ ಜಾಸ್ತಿ. 2025ರಲ್ಲಿ 5 ಕಿಲೋ ಅಕ್ಕಿಯ ಬೆಲೆ 4,000 ಯೆನ್ ದಾಟಿತು. ಸರ್ಕಾರ ತುರ್ತು ದಾಸ್ತಾನಿನ ಅಕ್ಕಿ ಬಿಟ್ಟಿತು. "ನಾನು ಅಕ್ಕಿ ಕೊಂಡೇ ಇಲ್ಲ, ಬೆಂಬಲಿಗರು ಕೊಡುತ್ತಾರೆ" ಅನ್ನುವ ಅರ್ಥದ ಮಾತಾಡಿದ ಕೃಷಿ ಸಚಿವರು ಕುರ್ಚಿ ಬಿಡಬೇಕಾಯಿತು. ಅನ್ನ ಅರ್ಧಕ್ಕಿಳಿದರೂ ಅದರ ಮೇಲಿನ ಮಮತೆ ಇಳಿದಿಲ್ಲ, ನೋಡಿ.

ರಕ್ತದ ಗುಣವಾ ಅಂತ ಕೇಳಿದಿರಿ. ಒಕಿನಾವದ ಕಥೆ ಕೇಳಿ. ದೀರ್ಘಾಯಸ್ಸಿಗೆ ಹೆಸರಾದ ದ್ವೀಪ ಅದು. ಯುದ್ಧದ ನಂತರದ ವರ್ಷಗಳವರೆಗೂ ಅಲ್ಲಿನ ಜನರ ಮುಖ್ಯ ಆಹಾರ ಅನ್ನವಲ್ಲ, ಗೆಣಸು. ಅರ್ಧಕ್ಕಿಂತ ಹೆಚ್ಚು ಶಕ್ತಿ ಅದರಿಂದಲೇ ಬರುತ್ತಿತ್ತು. ಆಮೇಲೆ 1972ರವರೆಗೆ ದ್ವೀಪ ಅಮೆರಿಕದ ಕೈಯಲ್ಲಿತ್ತು. ಡಬ್ಬದ ಮಾಂಸ, ಹ್ಯಾಂಬರ್ಗರ್, ಕರಿದದ್ದು ಬಂತು. ಜಪಾನಿನ ಮುಖ್ಯ ಭೂಮಿಗೆ ಮೆಕ್‌ಡೊನಾಲ್ಡ್ಸ್ ಬಂದದ್ದು 1971ರಲ್ಲಿ. ಒಕಿನಾವದಲ್ಲಿ ಅಮೆರಿಕದ ಬರ್ಗರ್ ಅಂಗಡಿ 1963ರಲ್ಲೇ ಇತ್ತು. ಓಡಾಟಕ್ಕೆ ರೈಲಿಲ್ಲ, ಎಲ್ಲರೂ ಕಾರು ಹತ್ತಿದರು. 2000ದ ಲೆಕ್ಕ ಬಂದಾಗ ಒಕಿನಾವದ ಗಂಡಸರ ಆಯಸ್ಸು ದೇಶದಲ್ಲಿ 26ನೇ ಸ್ಥಾನಕ್ಕೆ ಬಿದ್ದಿತ್ತು. ಅಜ್ಜ ನೂರು ದಾಟುತ್ತಾನೆ, ಮಗ ಐವತ್ತರಲ್ಲಿ ಹೃದಯದ ಕಾಯಿಲೆ ಹಿಡಿಸಿಕೊಳ್ಳುತ್ತಾನೆ. ರಕ್ತ ಅದೇ ಅಲ್ವಾ?

1965ರಲ್ಲಿ ಶುರುವಾದ ಇನ್ನೊಂದು ಅಧ್ಯಯನ ಇದನ್ನೇ ಬೇರೆ ರೀತಿ ತೋರಿಸಿತು. ಜಪಾನಿ ಮೂಲದ ಗಂಡಸರನ್ನು ಮೂರು ಕಡೆ ಹೋಲಿಸಿದರು: ಹಿರೋಷಿಮಾ-ನಾಗಾಸಾಕಿ, ಹವಾಯಿ, ಸ್ಯಾನ್ ಫ್ರಾನ್ಸಿಸ್ಕೊ. ಹೃದಯದ ಕಾಯಿಲೆ ಜಪಾನಿನಲ್ಲಿ ಕಮ್ಮಿ, ಹವಾಯಿಯಲ್ಲಿ ನಡುವೆ, ಕ್ಯಾಲಿಫೋರ್ನಿಯಾದಲ್ಲಿ ಜಾಸ್ತಿ. ಲಕ್ವ ಇದಕ್ಕೆ ತಿರುಗಾಮುರುಗಾ, ಜಪಾನಿನಲ್ಲೇ ಜಾಸ್ತಿ. ಊರು ಬದಲಾದಂತೆ ಕಾಯಿಲೆಯೂ ಬದಲಾಗಿತ್ತು.

ಹಾಗಂತ ರಕ್ತಕ್ಕೆ ಲೆಕ್ಕವೇ ಇಲ್ಲ ಅನ್ನುವಂತೆಯೂ ಇಲ್ಲ. ನಮಗೂ ಅವರಿಗೂ ಇಲ್ಲಿ ಒಂದು ಸಾಮ್ಯ ಇದೆ. ಯುರೋಪಿನವರಿಗಿಂತ ಕಡಿಮೆ ತೂಕದಲ್ಲೇ ನಮಗೂ ಶುಗರ್ ಬರುತ್ತದೆ, ಅವರಿಗೂ ಬರುತ್ತದೆ. ಜೊತೆಗೆ ನಮ್ಮವರಲ್ಲಿ ಹೊಟ್ಟೆಯ ಸುತ್ತ ಕೊಬ್ಬು ಬೇಗ ಸೇರುತ್ತದೆ. ಕೈ ಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ. ಭಾರತದಲ್ಲಿ ಈಗ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ ಅಂತ 2023ರ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನ ಹೇಳಿತು. ಅದೇ ತಂಡದ 2025ರ ವರದಿ ನಿಮಗೆ ಇನ್ನೂ ಮುಖ್ಯ. ನಮ್ಮವರ ಊಟದ ಶಕ್ತಿಯಲ್ಲಿ ನೂರಕ್ಕೆ ಸುಮಾರು 62 ಪಾಲು ಪಿಷ್ಟ, ಸಕ್ಕರೆಯಿಂದಲೇ ಬರುತ್ತದೆ. ಪ್ರೋಟೀನ್ ಪಾಲು 12ರಷ್ಟು ಮಾತ್ರ. ಅಕ್ಕಿಯ ಬದಲು ಗೋಧಿ ಹಿಟ್ಟೋ ಸಿರಿಧಾನ್ಯದ ಹಿಟ್ಟೋ ತಂದುಕೊಂಡ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿಯಲಿಲ್ಲ. ಒಟ್ಟು ಪಿಷ್ಟ ಇಳಿಸಿ ಆ ಜಾಗಕ್ಕೆ ಬೇಳೆಕಾಳು, ಹಾಲು ಮೊಸರಿನ ಪ್ರೋಟೀನ್ ಬಂದಾಗ ಇಳಿಯುವುದು ಕಂಡಿತು. ಅನ್ನ ಬಿಟ್ಟು ನಾಲ್ಕು ಚಪಾತಿ ತಿನ್ನುವವರು, ಮೂರು ಮುದ್ದೆ ನುಂಗುವವರು ಇದನ್ನು ಎರಡು ಸಲ ಓದಬೇಕು.

ಆದ್ದರಿಂದ ನಿಮ್ಮ ಡಾಕ್ಟರು "ಅನ್ನ ಬಿಡಿ" ಅಂದದ್ದನ್ನು "ಧಾನ್ಯದ ಒಟ್ಟು ಪಾಲು ಇಳಿಸಿ" ಅಂತ ಓದಿಕೊಳ್ಳಿ. ಜಪಾನಿ ಬಟ್ಟಲು ಇದ್ದರೆ ಅದನ್ನೇ ಅಳತೆ ಮಾಡಿಕೊಳ್ಳಿ. ಮಧ್ಯಾಹ್ನ ರೊಟ್ಟಿ ತಿಂದ ದಿನ ಅನ್ನ ಬೇಡ, ಅನ್ನ ತಿಂದ ದಿನ ಒಂದೇ ಬಟ್ಟಲು, ರೊಟ್ಟಿ ಬೇಡ. ಮೊಸರನ್ನದ ಬದಲು ಮೊಸರನ್ನೇ ಕುಡಿಯಿರಿ. ಬೇಳೆ ತಿಳಿಯಾಗಿ ತೇಲುವ ಸಾರಿಗಿಂತ ಗಟ್ಟಿ ತೊವ್ವೆ, ಮೊಳಕೆ ಕಾಳಿನ ಪಲ್ಯ, ಕಡಲೆ, ಹುರುಳಿ. ದಾವಣಗೆರೆಯಲ್ಲಿ ಬೆಣ್ಣೆ ದೋಸೆ ಬಿಡಿ ಅಂತ ಹೇಳುವ ಧೈರ್ಯ ನನಗಿಲ್ಲ. ತಿಂದ ದಿನ ಮಧ್ಯಾಹ್ನದ ಅನ್ನ ಬಿಟ್ಟರೆ ಸಾಕು. ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುತ್ತಿದ್ದರೆ ಮಾತ್ರ ಅನ್ನವನ್ನು ಒಂದೇ ಸಲ ಇಳಿಸಬೇಡಿ, ಶುಗರ್ ತೀರಾ ಕೆಳಗೆ ಹೋಗಬಹುದು. ಮೊದಲು ಡಾಕ್ಟರಿಗೆ ತಿಳಿಸಿ, ಔಷಧದ ಅಳತೆ ಬದಲಿಸಬೇಕಾಗಬಹುದು.

ತಿನ್ನುವ ಕ್ರಮವೂ ಒಂದು ಉಪಾಯ. ತರಕಾರಿ ಮೊದಲು, ಅನ್ನ ಕೊನೆಗೆ ತಿಂದರೆ ಊಟದ ನಂತರದ ಶುಗರ್ ಅಷ್ಟು ಏರುವುದಿಲ್ಲ ಅಂತ ಜಪಾನಿನ ವೈದ್ಯರು ಮಧುಮೇಹಿಗಳ ಮೇಲೆ ಪರೀಕ್ಷಿಸಿ ತೋರಿಸಿದ್ದಾರೆ. ನಮ್ಮ ಮದುವೆ ಮನೆಯ ಎಲೆಯಲ್ಲಿ ಕೋಸಂಬರಿ, ಪಲ್ಯ ಮೊದಲೇ ಬರುತ್ತದೆ. ನಾವು ಅದನ್ನು ಮುಟ್ಟದೆ ಅನ್ನಕ್ಕೆ ಕಾಯುತ್ತಾ ಕೂರುತ್ತೇವೆ.

ಮಿಸೋ ವಿಷಯ. ಒಂದು ಬಟ್ಟಲು ಸೂಪಿನಲ್ಲಿ ಸುಮಾರು 1.2ರಿಂದ 1.5 ಗ್ರಾಂ ಉಪ್ಪಿರುತ್ತದೆ. ಸಾರು, ಹಪ್ಪಳ, ಉಪ್ಪಿನಕಾಯಿ ಎಲ್ಲ ಹಾಗೇ ಇಟ್ಟುಕೊಂಡು ಅದರ ಮೇಲೆ ಮಿಸೋ ಕುಡಿದರೆ ನಿಮ್ಮ ಯಜಮಾನರ ಬಿಪಿಗೆ ಒಳ್ಳೆಯದಲ್ಲ. ರುಚಿಗೆ ಅಪರೂಪಕ್ಕೆ, ಅವತ್ತು ಉಪ್ಪಿನಕಾಯಿ ಬಿಟ್ಟು ಕುಡಿಯಲಿ. ದಿನಾ ಬೇಕಿಲ್ಲ. ಪ್ರೋಟೀನಿಗಾಗಿ ಅಂತಾದರೆ ಒಂದು ಬಟ್ಟಲು ತೊವ್ವೆ ಅದಕ್ಕಿಂತ ಎಷ್ಟೋ ಮೇಲು. ಪ್ಯಾಕೆಟ್ಟನ್ನು ಮಗಳಿಗೆ ತೋರಿಸಿ ಓದಿಸಿ. ಎಷ್ಟೋ ಮಿಸೋಗಳಲ್ಲಿ ದಾಶಿ ಸೇರಿರುತ್ತದೆ. ಅದು ಸಾಮಾನ್ಯವಾಗಿ ಒಣಮೀನಿನ ರಸ.

ಇದೇ ದಾಶಿ ಮೊಮ್ಮಗನ ವಿಷಯದಲ್ಲೂ ಮುಖ್ಯ. ಅಲ್ಲಿನ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹೆಚ್ಚುಕಮ್ಮಿ ಎಲ್ಲ ಕಡೆ ಶಾಲೆಯ ಊಟ ಇದೆ. ಪೌಷ್ಟಿಕತೆ ಓದಿದವರೇ ಮೆನು ಹಾಕುತ್ತಾರೆ. ಎಂಟೊಂಬತ್ತು ವರ್ಷದ ಮಗುವಿಗೆ ಒಂದು ಊಟಕ್ಕೆ 650 ಕ್ಯಾಲರಿ, ಉಪ್ಪು 2 ಗ್ರಾಮಿನ ಒಳಗೆ ಅಂತ ಲೆಕ್ಕ ಇದೆ. ಜೊತೆಗೆ 200 ಮಿಲಿಲೀಟರ್ ಹಾಲು. ಊಟದ ಶಿಕ್ಷಣಕ್ಕೇ 2005ರಲ್ಲಿ ಒಂದು ಕಾನೂನು ತಂದಿದ್ದಾರೆ. ಒಳ್ಳೆಯ ವ್ಯವಸ್ಥೆ, ನನಗೆ ಅದರ ಮೇಲೆ ಹೊಟ್ಟೆಕಿಚ್ಚೇ ಇದೆ. ಆದರೆ ಸಸ್ಯಾಹಾರಿಗಳನ್ನು ಮನಸ್ಸಿನಲ್ಲಿಟ್ಟು ಮಾಡಿದ್ದಲ್ಲ. ಸೂಪಿನಲ್ಲಿ, ಬೇಯಿಸಿದ ತರಕಾರಿಯಲ್ಲೂ ಮೀನಿನ ದಾಶಿ ಇರುತ್ತದೆ. ಜೆಲ್ಲಿಯಂಥ ಸಿಹಿಯಲ್ಲಿ ಜೆಲಟಿನ್ ಇರಬಹುದು. ಅಲರ್ಜಿ ಇರುವ ಮಕ್ಕಳಿಗೆ ಬೇರೆ ಮಾಡಿಕೊಡುವ ಶಾಲೆಗಳೂ ಮನೆಯ ಪದ್ಧತಿಗಾಗಿ ಬೇರೆ ಅಡುಗೆ ಮಾಡುವುದು ಕಡಿಮೆ.

ಶಾಲೆಗೆ ಸೇರುವ ಮೊದಲು, ಹಿಂದಿನ ವರ್ಷ ಅಕ್ಟೋಬರ್-ನವೆಂಬರ್ ಹೊತ್ತಿಗೆ, ಮಗುವಿನ ಆರೋಗ್ಯ ತಪಾಸಣೆಗೆ ಕರೆಯುತ್ತಾರೆ. ಮಗಳು ಅವತ್ತೇ ವಿಷಯ ತೆಗೆಯಲಿ. ತಿಂಗಳ ಮೆನು ಮುಂಚೆಯೇ ಮನೆಗೆ ಬರುತ್ತದೆ. ಅದರಲ್ಲಿ ಯಾವುದು ತಿನ್ನಬಹುದು ಅಂತ ಗುರುತು ಹಾಕಿಕೊಂಡು ಅನ್ನ, ಬ್ರೆಡ್ಡು, ಹಾಲು, ಹಣ್ಣು ಶಾಲೆಯದು, ಪಲ್ಯ ಮಾತ್ರ ಮನೆಯ ಡಬ್ಬಿಯದು ಅಂತ ಮಾಡಿಕೊಳ್ಳುವ ಮನೆಗಳಿವೆ. ಪೂರ್ತಿ ಡಬ್ಬಿಗೆ ಒಪ್ಪುವ ಶಾಲೆಗಳೂ ಇವೆ. ಯಾವುದು ಅನ್ನುವುದು ಆ ಶಾಲೆಯ ಮುಖ್ಯೋಪಾಧ್ಯಾಯರ ಮೇಲೆ ಹೋಗುತ್ತದೆ, ಹಾಗಾಗಿ ಪತ್ರಕ್ಕಿಂತ ನೇರ ಮಾತು ಒಳ್ಳೆಯದು. ಮೀನಿನ ರಸ ಎಷ್ಟು ದೂರ ನಡೆಯುತ್ತದೆ ಅನ್ನುವುದನ್ನು ಮಾತ್ರ ಮನೆಯವರೇ ಮೊದಲು ಕೂತು ತೀರ್ಮಾನಿಸಬೇಕು. ಅದು ನಾನು ಹೇಳುವ ವಿಷಯವಲ್ಲ.

ಮನೆಯ ಅಡುಗೆಗೆ ಜಪಾನಿನಲ್ಲೇ ದಾರಿ ಇದೆ. ಬೌದ್ಧ ಮಠಗಳ ಅಡುಗೆಯಲ್ಲಿ ಮೀನು ಮಾಂಸ ಇಲ್ಲ. ಕೊಂಬು ಎಂಬ ಕಡಲಕಳೆ, ಒಣಗಿಸಿದ ಶಿಟಾಕೆ ಅಣಬೆ ನೆನೆಸಿ ರಸ ತೆಗೆಯುತ್ತಾರೆ. ಎರಡೂ ಯಾವ ಅಂಗಡಿಯಲ್ಲೂ ಸಿಗುತ್ತವೆ. ತೋಫು, ಎಳೆ ಸೋಯಾ ಕಾಳು ಮಗುವಿಗೆ ಬೇಗ ಒಗ್ಗುತ್ತವೆ. ಹಾಲು ಮೊಸರು ತಪ್ಪಿಸದಿದ್ದರೆ ಬಿ12 ಚಿಂತೆ ಕಮ್ಮಿ, ತಪ್ಪಿದರೆ ಮಕ್ಕಳ ಡಾಕ್ಟರನ್ನು ಕೇಳಬೇಕು.

ಒಂದು ಮಾತು ಮಗಳಿಗೆ ಹೇಳಿ. ಅಲ್ಲಿ ಊಟ ಬಡಿಸುವುದು ಮಕ್ಕಳೇ, ಸರದಿಯ ಮೇಲೆ, ಬಿಳಿ ಟೋಪಿ ಬಿಳಿ ಅಂಗಿ ಹಾಕಿಕೊಂಡು. ಡಬ್ಬಿ ತರುವ ಹುಡುಗನಾದರೂ ಆ ಸರದಿಯಿಂದ ಅವನನ್ನು ಬಿಡಿಸಬೇಡಿ ಅಂತ ಟೀಚರಿಗೆ ತಿಳಿಸಲಿ. ಸರದಿ ಮುಗಿದ ವಾರ ಆ ಅಂಗಿ ಮನೆಗೆ ಬರುತ್ತದೆ. ಒಗೆದು ಸೋಮವಾರ ವಾಪಸ್ ಕಳಿಸಬೇಕು.